ಹಳೇ ಬೀಡು, ಹೊಸ ಬೋಲ್ಟು

ಹಳೇಬೀಡು
ಗುರುವಾರ, ೧೩ ನವೆಂಬರ್ ೨೦೨೫

ಅರಸೀಕೆರೆಯಲ್ಲಿದ್ದೂ ಅರಸಿ ಬಾರದ ಶ್ರೀ ಇಂದ್ರೇಶ್ ಅವರಿಗೆ ಪ್ರತಿಮಾ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು.

ಫೋನ್ ಬಿಟ್ಟು ಪತ್ರಕ್ಕೆ ಕೈ ಹಾಕಿದ್ದೇಕೆ ಎಂದು ನೀವು ಹುಬ್ಬು ಏರಿಸಿರುತ್ತೀರಿ. ಫೋನಿನಲ್ಲಿ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧವನ್ನು ನೀವು ತಂದು ಬೆಸೆದುಬಿಡುತ್ತೀರಿ. ಅದೂ ನಾನು ಹೇಳಬೇಕೆಂದಿದ್ದ ಅರ್ಧವಲ್ಲ. ಪತ್ರದ ನಡುವೆ ಹಾಗೆ ಬಾಯಿ ಹಾಕಲು ಬರುವುದಿಲ್ಲ. ಇದನ್ನು ನಮ್ಮ ಪಾಲಿಟೆಕ್ನಿಕ್ಕಿನ ಸಹೋದ್ಯೋಗಿ ಶಶಿಕಿರಣ್ ಕೈಯಲ್ಲಿ ಕಳಿಸುತ್ತಿದ್ದೇನೆ. ಶುಕ್ರವಾರ ಸಂಜೆ ಗಂಡಸಿ ಊರಿನಲ್ಲಿರುವ ತಮ್ಮ ಮನೆಗೆ ಹೊರಡುವವರು, ಸುತ್ತಾದರೂ ನಿಮ್ಮ ವರ್ಕ್‌ಶಾಪಿಗೆ ಬಂದು ಕೊಟ್ಟು ಹೋಗುತ್ತೇನೆಂದಿದ್ದಾರೆ. ಅವರಿಗೊಂದು ಕಾಫಿ ಕೊಡಿ. ನನ್ನ ಬಗ್ಗೆ ಮಾತ್ರ ವಿಚಾರಿಸಬೇಡಿ. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಅತ್ತೆ ಫೋನ್ ಮಾಡಿದ್ದರು. ಮಗನ ಜೊತೆ ಸೊಸೆ ಮಾತು ಬಿಟ್ಟರೂ ಅತ್ತೆಯ ಜೊತೆ ಬಿಟ್ಟಿಲ್ಲವಲ್ಲ, ನಮ್ಮ ಮನೆಯ ಜಗಳಕ್ಕೂ ಒಂದು ಸಂಪ್ರದಾಯವಿಲ್ಲ. “ನಿನ್ ಗಾಡಿ ಎಲ್ಲೋ ಬಿರುಕು ಬಿಟ್ಟೈತಂತೆ ಅಂತ ಒಂದ್ ಮಾತು ಅಂದೆ ಕಣವ್ವ, ಅಷ್ಟೇ. ‘ನನ್ ವೆಲ್ಡಿಂಗ್ ಬಿಡ್ತಾ? ನನ್ ವೆಲ್ಡಿಂಗಾ?’ ಅಂತ ಗೋಡೆ ಕೇಳ್ಕಂಡು ಕೂತವ್ನೆ, ಬಾಯಿಗೆ ಅನ್ನ ಇಳೀತಿಲ್ಲ” ಎಂದರು. ಆಮೇಲೆ ನಿಮ್ಮ ತೀರ್ಮಾನವನ್ನೂ ತಿಳಿಸಿದರು. ಭಾನುವಾರ ನೀವು ಪಿಕಪ್ ತರುವುದು, ಸ್ಕೂಟರನ್ನು ಅದಕ್ಕೆ ಹೇರಿಕೊಂಡು ಅರಸೀಕೆರೆಗೆ ಒಯ್ಯುವುದು, ಎರಡರಷ್ಟು ದಪ್ಪ ವೆಲ್ಡಿಂಗ್ ಹೊಡೆಯುವುದು. ಇನ್ನು ಮೇಲೆ ಅವಳು ಅದನ್ನು ಊರೊಳಗೆ ಮಾತ್ರ ಓಡಿಸಲಿ, ಕೆಲಸಕ್ಕೆ ನಾನೇ ಬಿಟ್ಟು ಕರೆದುಕೊಂಡು ಬರುತ್ತೇನೆ ಎನ್ನುವುದು.

ರೀ, ಸ್ಕೂಟರ್ ಪಿಕಪ್ ಹತ್ತಿದರೆ ನಾನು ಅದರ ಕ್ಯಾಬಿನ್ ಹತ್ತಬೇಕಾಗುತ್ತದೆ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಈ ಎಡಗಾಲು ಪೋಲಿಯೊ ಬಂದಂದಿನಿಂದ ನನ್ನ ವಿರುದ್ಧ ಅಸಹಕಾರ ಚಳವಳಿ ನಡೆಸುತ್ತಿದೆ. ಅದರ ಬದಲಿಗೆ ನನಗಿರುವುದು ಎರಡೂ ಕಡೆ ಪುಟ್ಟ ಚಕ್ರ ಕಟ್ಟಿದ ಆ ಸ್ಕೂಟರ್ ಒಂದೇ. ಅದು ಹೋದರೆ ಬೇಲೂರಿನ ಕೆಲಸ ಹೋಯಿತು, ಹಳೇಬೀಡಿನ ಈ ಬಾಡಿಗೆ ಮನೆಯೂ ಹೋಯಿತು. ಆದ್ದರಿಂದ ಪಿಕಪ್ ತರಬೇಡಿ. ಯಾಕೆಂದು ಮುಂದೆ ಬರೆದಿದ್ದೇನೆ. ಪೂರ್ತಿ ಓದಿ, ವರ್ಕ್‌ಶಾಪಿನಲ್ಲಿ ಕರೆಂಟ್ ಹೋದಾಗ ಓದುತ್ತೇನೆಂದು ಡ್ರಾಯರಿಗೆ ಹಾಕಬೇಡಿ.

ಮೊದಲು ಆದದ್ದನ್ನು ಹೇಳುತ್ತೇನೆ. ಹಳೇಬೀಡು–ಬೇಲೂರು ರಸ್ತೆಯಲ್ಲಿ ಉಬ್ಬುಗಳಿಗೆ ಬಡತನವಿಲ್ಲ. ಊರು ಬಂದರೊಂದು, ಶಾಲೆ ಬಂದರೊಂದು, ಯಾರದೋ ಸೋದರಮಾವನ ಮನೆ ಬಂದರೊಂದು. ಹೋದ ವಾರ ಪ್ರತಿ ಉಬ್ಬಿನ ಮೇಲೂ ಎಡಗಡೆಯ ಚಕ್ರದ ಕಡೆಯಿಂದ ‘ಕಟ್’ ಎಂಬ ಸದ್ದು, ಥೇಟ್ ಅತ್ತೆಯವರ ಅಡಕತ್ತರಿಯದು. ಮೊದಲು ಹೆದರಲಿಲ್ಲ, ಮನೆ ನೆನಪಾಯಿತು ಅಷ್ಟೇ. ಆಮೇಲೆ ಹೆದರಿದೆ.

ನಮ್ಮ ಲ್ಯಾಬಿನಲ್ಲಿ ಬಿರುಕು ಹುಡುಕುವ ಬಣ್ಣದ ಡಬ್ಬಿಗಳಿವೆ. ಕೆಂಪು ಬಣ್ಣ ಹೊಡೆದು, ಒರೆಸಿ, ಮೇಲೆ ಬಿಳಿ ಪುಡಿ ಎರಚಿದರೆ ಬಿರುಕಿನೊಳಗೆ ಅವಿತ ಕೆಂಪು ಹೊರಗೆ ಒಸರುತ್ತದೆ. ನೀವು ಪ್ರೀತಿಯಿಂದ ಪದರ ಪದರವಾಗಿ ಬಳಿದಿದ್ದ ಸಿಲ್ವರ್ ಪೇಂಟನ್ನು ಕೆರೆಯುವುದಕ್ಕೇ ಒಂದು ಪೀರಿಯಡ್ ಹಿಡಿಯಿತು. ಕೊನೆಯ ವರ್ಷದ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಬಿಳಿ ಪುಡಿ ಎರಚಿ ಕಾದೆವು. ವಿಭೂತಿ ಹಚ್ಚಿದ ಹಣೆಯ ಮೇಲೆ ಯಾರೋ ಉಗುರಿನ ತುದಿಯಿಂದ ಕುಂಕುಮ ಎಳೆದ ಹಾಗೆ ನಿಧಾನವಾಗಿ ಒಂದು ಗೆರೆ ಮೂಡಿತು.

“ಮೇಡಂ, ಯಾರು ಮೇಡಂ ಈ ವೆಲ್ಡಿಂಗ್ ಹೊಡ್ದಿದ್ದು? ಹಿಡ್ಕೊಂಡ್ ಕೇಳ್ಬೇಕು ಅವ್ರನ್ನ” ಎಂದಳು ಹೇಮಾಶ್ರೀ, ನಮ್ಮ ತರಗತಿಯ ಬಾಯಾಳಿ.

ಹಿಡಿದುಕೊಂಡು ಕೇಳುವಷ್ಟು ಹತ್ತಿರದಲ್ಲಿಲ್ಲ ಅವರು, ಎಂದೆ.

ಆಮೇಲೆ ನಾನೇನು ಮಾಡಿದೆ ಗೊತ್ತೇ? ನಿಮ್ಮ ವಕೀಲಳಾದೆ. ನೋಡ್ರೋ, ಈ ಸಾಲು ನೋಡಿ, ಎಷ್ಟು ಸಮ, ಎಲ್ಲಾದರೂ ತೂತಿದೆಯಾ, ತಗಡು ತಿಂದಿದೆಯಾ ಎಂದು ತೋರಿಸಿದೆ. ವೆಲ್ಡಿಂಗಿನ ಸಾಲಿಗೆ ಕಸುಬಿನವರು ಬೀಡು ಎನ್ನುತ್ತಾರೆ ಎಂದು ಹೇಳಿ, ಈ ಬೀಡು ಅರಸೀಕೆರೆಯಲ್ಲಿ ಹುಟ್ಟಿ, ಹಳೇಬೀಡಿಗೆ ಬಂದು, ಈಗ ತಾನೇ ಹಳೇ ಬೀಡಾಗಿದೆ ಎಂದೆ. ಯಾರೂ ನಗಲಿಲ್ಲ. ನೀವಿದ್ದಿದ್ದರೆ ನಗುತ್ತಿದ್ದಿರಿ, ಅರ್ಥವಾಗದಿದ್ದರೂ.

“ಡಬಲ್ ವೆಲ್ಡಿಂಗ್ ಹೊಡ್ಸ್‌ಬಿಡಿ ಮೇಡಂ” ಎಂದವನು ಹಿಂದಿನ ಬೆಂಚಿನ ಒಬ್ಬ. “ಸುಮ್ನಿರ್ಲಾ, ಹೊಯ್ಸಳ್ರೇನ್ ವೆಲ್ಡಿಂಗ್ ಹೊಡ್ಸಿದ್ರಾ? ದೇವಸ್ಥಾನ ಅಷ್ಟೊಂದ್ ವರ್ಷದಿಂದ ನಿಂತಿಲ್ವಾ?” ಎಂದ ಅವನ ಪಕ್ಕದ ಸಂತೋಷ್. ಅದಕ್ಕೆ ಹೇಮಾಶ್ರೀ ಹೇಳಿದಳು: “ಅದು ನಿಂತೈತೆ ಕಣೋ. ಮೇಡಂ ಗಾಡಿ ಓಡ್ಬೇಕು.”

ಅವಳಿಗೆ ಅಲ್ಲೇ ಪೂರ್ತಿ ಅಂಕ ಕೊಟ್ಟುಬಿಡಬೇಕು ಎನಿಸಿತು. ವಿಷಯವೆಲ್ಲ ಅಷ್ಟೇ, ನಿಂತಿದ್ದಕ್ಕೂ ಓಡುವುದಕ್ಕೂ ಇರುವ ವ್ಯತ್ಯಾಸ. ಪುಟ್ಟ ಚಕ್ರವನ್ನು ಗಾಡಿಗೆ ಹಿಡಿದಿಡುವ ಈ ಬ್ರಾಕೆಟ್ ಮಾಡಿದ ದಿನ ನಿಮ್ಮ ಹುಡುಗರನ್ನೆಲ್ಲ ಅದರ ಮೇಲೆ ಹತ್ತಿಸಿ, ಕೊನೆಗೆ ನೀವೂ ಹತ್ತಿ, “ಆನೆ ನಿಂತ್ರೂ ಕೊಂಕಲ್ಲ ಕಣೇ” ಎಂದಿರಿ. ಕೊಂಕಲಿಲ್ಲ ನಿಜ. ಆದರೆ ಆನೆ ಬರಲೇ ಇಲ್ಲವಲ್ಲ? ಬಂದದ್ದು ಉಬ್ಬುಗಳು. ಒಂದೊಂದೂ ಚಿಕ್ಕದು, ಲೆಕ್ಕಕ್ಕೆ ಬಾರದ್ದು. ಹೋಗುವಾಗ, ಬರುವಾಗ, ನಾಳೆ, ನಾಡಿದ್ದು. ಕಬ್ಬಿಣ ಒಂದು ದೊಡ್ಡ ಪೆಟ್ಟನ್ನು ತಡೆದು, ಸಾವಿರ ಸಣ್ಣ ಪೆಟ್ಟಿಗೆ ಸುಸ್ತಾಗುತ್ತದೆ. ನಮ್ಮ ಪಠ್ಯದಲ್ಲಿ ಇದಕ್ಕೆ ಲೋಹದ ದಣಿವು ಎಂದೇ ಹೆಸರು.

ಇಲ್ಲಿ ನಾನು ನಮ್ಮ ಮದುವೆಗೆ ಹೋಲಿಸುತ್ತೇನೆಂದು ನೀವು ಕುರ್ಚಿಯ ತುದಿಗೆ ಬಂದಿರುತ್ತೀರಿ. ಹೋಲಿಸುವುದಿಲ್ಲ. ಹಿಂದಕ್ಕೆ ಸರಿದು ಆರಾಮಾಗಿ ಕೂತುಕೊಳ್ಳಿ.

ಬದಲಿಗೆ ನಮ್ಮ ಮನೆ ಮಾಲೀಕರಾದ ಅನುಸೂಯಮ್ಮನವರ ವಿಚಾರಣೆಯನ್ನು ವರದಿ ಮಾಡುತ್ತೇನೆ. ಬಾಡಿಗೆಗೆ ಬಂದ ಹೊಸತರಲ್ಲಿ ಬಿಸಿನೀರು ತಂದುಕೊಟ್ಟು ಕೂತರು. “ಹೊಡೀತಿದ್ರಾ?” ಇಲ್ಲ ಎಂದೆ. “ಕುಡೀತಿದ್ರಾ?” ಇಲ್ಲ. “ಮತ್ತೇನ್ ಮಾಡ್ತಿದ್ರು?” ಎಲ್ಲಾ ಅವರೇ ಮಾಡುತ್ತಿದ್ದರು, ಎಂದೆ. ಅನುಸೂಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಂಥೋರ್ನ ಬಿಟ್ ಬಂದ್ಯಾ ತಾಯಿ? ನಮ್ಮನೆಯವ್ರು ಕುಡಿದ ಲೋಟ ಎತ್ತಿಟ್ಟೋರಲ್ಲ.”

ಅವರಿಗೆ ಏನೆಂದು ವಿವರಿಸಲಿ? “ನೀನ್ ಬಿಡು, ನಾನ್ ಮಾಡ್ತೀನಿ” ಎಂಬುದು ಕಿವಿಗೆ ಎಷ್ಟು ಮೃದು! ನೀರು ಬಗ್ಗಿಸಲು ಹೋದರೆ ನೀನ್ ಬಿಡು. ಬ್ಯಾಂಕಿಗೆ ಹೊರಟರೆ ನೀನ್ ಬಿಡು. ನನ್ನದೇ ತರಗತಿಯ ಪ್ರಶ್ನೆಪತ್ರಿಕೆಗೆ ಪಿನ್ ಹೊಡೆಯುತ್ತಿದ್ದರೂ ಕೈಯಿಂದ ಕಿತ್ತುಕೊಂಡು ನೀನ್ ಬಿಡು. ಬೇಲೂರಿನ ಕೆಲಸದ ಆದೇಶ ಬಂದಾಗಲೂ ಅದನ್ನೇ, ಅಷ್ಟೇ ಮೆತ್ತಗೆ ಹೇಳಿದಿರಿ. ಸರಿ ಎಂದು ಬಿಟ್ಟೆ. ಕೆಲಸ ಬಿಡು ಎಂದು ನಿಮ್ಮ ಅರ್ಥ. ನಾನು ಬಿಟ್ಟದ್ದು ಮನೆ.

ಹೊರಟ ದಿನ ನೀವು ತಡೆಯಲಿಲ್ಲ. ಜಾವಗಲ್ ದಾಟುವವರೆಗೂ ಕನ್ನಡಿಯಲ್ಲಿ ನಿಮ್ಮ ಬಿಳಿ ಪಿಕಪ್ ಕಾಣುತ್ತಿತ್ತು. ಮುಂದೆ ಬರಲಿಲ್ಲ, ಹಾರನ್ ಹೊಡೆಯಲಿಲ್ಲ. ನಾನು ನಿಧಾನಿಸಿದರೆ ನೀವೂ ನಿಧಾನಿಸಿದಿರಿ. ಒಂದು ತಿರುವು ಕಳೆದು ನೋಡಿದರೆ ಕನ್ನಡಿಯಲ್ಲಿ ಬರೀ ರಸ್ತೆ. ಅಯ್ಯೋ, ಇನ್ನೊಂದು ಊರಾದರೂ ಬರಬಾರದಿತ್ತೇ ಎನಿಸಿತು. ಬಿಟ್ಟು ಹೋಗುವವಳು ಯೋಚಿಸುವ ಮಾತೇ ಇದು?

ಊರು ಒಳ್ಳೆಯದು. ಇಲ್ಲಿ ಪ್ರತಿಮೆಗಳನ್ನು ನೋಡಲು ದೇಶ ವಿದೇಶದಿಂದ ಬರುತ್ತಾರೆ. ಯಾರೂ ಬಂದು ನೋಡದ ಪ್ರತಿಮಾ ನಾನೊಬ್ಬಳೇ. ಸಂಜೆ ಪ್ರವಾಸಿ ಬಸ್ಸುಗಳು ಹೊರಟುಬಿಟ್ಟರೆ ಗುಡಿಯ ಮುಂದಿನ ಬೀದಿಯಲ್ಲಿ ಎಳನೀರು ಮಾರುವವರು ಕೂಡ ಉಳಿಯುವುದಿಲ್ಲ. ಕಾಲೇಜಿದ್ದ ದಿನ ಗಂಟಲು ಹರಿಯುವಷ್ಟು ಮಾತಾಡುತ್ತೇನೆ. ರಜೆಯ ದಿನ, ಒಮ್ಮೆ ಮುಸ್ಸಂಜೆಯಲ್ಲಿ ಅನುಸೂಯಮ್ಮ ಬಾಗಿಲು ಬಡಿದು ಏನೋ ಕೇಳಿದಾಗ ಬಾಯಿ ತೆರೆದರೆ ದನಿಯೇ ಬರಲಿಲ್ಲ. ಬೆಳಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ ಎಂದು ಆಗ ತಿಳಿಯಿತು.

ಇನ್ನೊಂದು ಮರ್ಯಾದೆಗೇಡಿನ ಸಂಗತಿ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟ ನಿಮ್ಮ ಮನೆತನದ ಸೊಸೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತೆಂಗಿನಕಾಯಿ ಕೊಳ್ಳುತ್ತಿದ್ದಾಳೆ. ಅತ್ತೆಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ. ಕೊಳ್ಳುವುದು ಕಷ್ಟವಲ್ಲ, ಮುಗಿಸುವುದು ಕಷ್ಟ. ಒಬ್ಬಳ ಸಾರಿಗೆ ಒಂದು ಹೋಳೇ ಹೆಚ್ಚು. ಇನ್ನೊಂದು ಹೋಳು ತಟ್ಟೆಯಲ್ಲಿ ಬೋರಲು ಮಲಗಿ, ಕೊಬ್ಬರಿಯಾಗುವ ಪುಣ್ಯವೂ ಇಲ್ಲದೆ ಲೋಳೆಯಾಗುತ್ತದೆ. ಅದನ್ನು ಬಿಸಾಡುವಾಗ ಯಾರ ಮೇಲೋ ಸಿಟ್ಟು ಬರುತ್ತದೆ.

ಇರಲಿ. ಬಿರುಕಿಗೆ ಬರೋಣ, ಅದೇ ವಾಸಿ.

ನೀವು ಹೇಳುವ ಎರಡರಷ್ಟು ವೆಲ್ಡಿಂಗ್ ಯಾಕೆ ಬೇಡ? ವೆಲ್ಡಿಂಗ್ ಆರುವಾಗ ಲೋಹ ತನ್ನನ್ನು ತಾನೇ ಎಳೆದುಕೊಂಡು ಸೆಟೆದು ನಿಲ್ಲುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ, ಒಳಗಿನ ಬಿಗುವು ಹಾಗೇ ಇರುತ್ತದೆ. ಬೀಡು ಮುಗಿದು ತಗಡು ಶುರುವಾಗುವ ಅಂಚಿನಲ್ಲಿ, ಕಣ್ಣಿಗೆ ಕಾಣದ ಒಂದು ಕೊರಕಲಿನಲ್ಲಿ, ಬಿರುಕು ಕಣ್ಣು ಬಿಡುತ್ತದೆ. ಎಷ್ಟು ಗಟ್ಟಿ ಕಬ್ಬಿಣ ತಂದರೂ ಆ ಅಂಚಿಗೆ ಅದರ ಹಂಗಿಲ್ಲ. ಬೀಡಿನ ಮೇಲೆ ಬೀಡು ಕೂರಿಸಿ, ಪಕ್ಕಕ್ಕೊಂದು ಪಟ್ಟಿ ಕೊಟ್ಟರೆ ಬಿರುಕು ಸಾಯುವುದಿಲ್ಲ, ಮನೆ ಬದಲಾಯಿಸುತ್ತದೆ. ನಿಮ್ಮ ಶೆಡ್ಡುಗಳಿಗೆ, ಗೇಟುಗಳಿಗೆ ವೆಲ್ಡಿಂಗೇ ಸರಿ, ಅವು ನಿಂತಲ್ಲೇ ನಿಂತಿರುತ್ತವೆ. ದಿನವೂ ಕುಲುಕುವ ಜಾಗಕ್ಕೆ ಬೇರೆ ದಾರಿ ನೋಡಬೇಕು.

ಈಗ, ಇಷ್ಟು ಹೊತ್ತೂ ಹೇಳದೆ ಸುತ್ತಿ ಬಳಸಿದ ಮಾತು. ಇದನ್ನು ಅತ್ತೆಗೂ ಹೇಳಿಲ್ಲ. ಕಬ್ಬಿಣವೇ ಕಳಪೆ ಎಂದು ಸುಳ್ಳು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ನೀವು ಗೋಡೆಯನ್ನು ಕೇಳುತ್ತಾ ಕೂತಿದ್ದೀರಲ್ಲ.

ಬಿರುಕು ನಿಮ್ಮ ಮುಖ್ಯ ವೆಲ್ಡಿಂಗಿನಲ್ಲಿ ಇಲ್ಲ. ಚಾಸಿಗೆ ಬ್ರಾಕೆಟ್ ಕೂಡಿಸಿದ ಆ ಬೀಡನ್ನು ನಾಲ್ಕೂ ಕಡೆಯಿಂದ ಪರೀಕ್ಷಿಸಿದೆ, ಕೂದಲಷ್ಟು ಗೆರೆಯೂ ಸಿಗಲಿಲ್ಲ. ಊಟ ಮಾಡಿ.

ಬಿರುಕು ಹುಟ್ಟಿದ್ದು ಹೆಸರಿನ ತಟ್ಟೆಯ ಮೂಲೆಯಲ್ಲಿ. ಗಾಡಿ ಕೊಡುವ ದಿನ ನನಗೆ ಗೊತ್ತಿಲ್ಲದ ಹಾಗೆ ತಗಡು ಕತ್ತರಿಸಿ, ‘ಪ್ರತಿಮಾ’ ಎಂದು ಅಕ್ಷರ ಕೊರೆದು, ಹಿಂದಿನಿಂದ ಬರುವವರಿಗೆಲ್ಲ ಕಾಣಲೆಂದು ಎಡಗಡೆಯ ಬ್ರಾಕೆಟ್ಟಿಗೆ ಅಂಟಿಸಿದಿರಲ್ಲ, ಆ ತಟ್ಟೆ. ಅದು ಯಾವ ಭಾರವನ್ನೂ ಹೊರುವುದಿಲ್ಲ, ಅದಕ್ಕೇ ನಾಲ್ಕು ಮೂಲೆಗೆ ಚುಕ್ಕಿ ಇಟ್ಟ ಹಾಗೆ ಒಂದೊಂದು ಪುಟ್ಟ ವೆಲ್ಡಿಂಗ್ ಸಾಕು ಎಂದುಕೊಂಡಿರಿ. ಚಕ್ರ ಉಬ್ಬು ಹತ್ತಿದಾಗಲೆಲ್ಲ ಬ್ರಾಕೆಟ್ಟಿನ ಕೆಳಗಿನ ಅಂಚು ಜಗ್ಗುತ್ತದೆ, ಸರಿಯಾಗಿ ಅಲ್ಲೇ ಇತ್ತು ತಟ್ಟೆಯ ಕೆಳಗಿನ ಚುಕ್ಕಿ. ಭಾರ ಹೊರದ ತಟ್ಟೆ ಭಾರ ಹೊರುವ ಕಬ್ಬಿಣವನ್ನು ಸೀಳಿತು. ಯಾವ ವೆಲ್ಡರೂ ಇದನ್ನು ತಪ್ಪೆಂದು ಎಣಿಸುವುದಿಲ್ಲ. ಹೆಂಡತಿಗೆ ಗಾಡಿ ಮಾಡಿಕೊಡುವ ವೆಲ್ಡರ್ ಮಾತ್ರ ಮಾಡುವ ಕೆಲಸ ಇದು.

ಆವತ್ತು ತಟ್ಟೆ ನೋಡಿ ನಾನು, ಇದೇನು ಗಾಡಿಗೂ ಓಲೆ ಚುಚ್ಚಿದ್ದೀರಲ್ಲ ಎಂದು ನಕ್ಕಿದ್ದೆ. ನೀವೂ ನಕ್ಕಿದ್ದಿರಿ. ಮಕ್ಕಳು ಮೊನ್ನೆ “ಇದೇನ್ ಮೇಡಂ ಈ ತಟ್ಟೆ” ಎಂದು ಕೇಳಿದಾಗ ಕಂಪನಿಯ ಹೆಸರು ಎಂದುಬಿಟ್ಟೆ. ನನ್ನ ಹೆಸರೇ ಎಂದು ಓದಿಯೂ ಅವರು ಸುಮ್ಮನಿದ್ದರು. ಬಿರುಕಿನ ತುಂಡನ್ನು ತಟ್ಟೆಯ ಸಮೇತ ಕತ್ತರಿಸಿ ಪಾಠಕ್ಕೆಂದು ಲ್ಯಾಬಿನ ಕಪಾಟಿನಲ್ಲಿ ಇಡಬೇಕಿತ್ತು. ಮನೆಗೆ ತಂದುಕೊಂಡಿದ್ದೇನೆ. ಮೇಜಿನ ಮೇಲೆ, ಈ ಕಾಗದದ ತುದಿ ಹಾರದಂತೆ ಹಿಡಿದುಕೊಂಡಿದೆ. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು.

ಹಾಗಾದರೆ ಮುಂದೇನು? ಎರಡೂ ಕಡೆಯ ಹಳೆಯ ಬ್ರಾಕೆಟ್ಟುಗಳನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ತೆಗೆಸಿ, ಚಾಸಿಯನ್ನು ಉಜ್ಜಿಸಿ ನಯ ಮಾಡಿಸಿ, ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಮನೆಗೆ ತಂದು ನಿಲ್ಲಿಸಿದ್ದೇನೆ. ಅಂದರೆ ನೀವು ಬಂದರೂ ವೆಲ್ಡ್ ಮಾಡಲು ಇಲ್ಲಿ ಏನೂ ಉಳಿದಿಲ್ಲ. ಹೊಸದನ್ನು ಬೋಲ್ಟಿನಿಂದ ಕಟ್ಟೋಣ. ನಕ್ಷೆ ಜೊತೆಗಿದೆ. ಚಾಸಿಯನ್ನು ಎರಡು ದಪ್ಪ ತಗಡುಗಳು ಆಚೆ ಈಚೆಯಿಂದ ಅಪ್ಪಿ ಹಿಡಿಯಬೇಕು. ಬೋಲ್ಟ್ ಸರಿಯಾಗಿ ಬಿಗಿದರೆ ಆ ಹಿಡಿತ ಎಷ್ಟು ಗಟ್ಟಿಯಾಗುತ್ತದೆಂದರೆ ಉಬ್ಬಿನ ಪೆಟ್ಟು ಬಹುಪಾಲು ಅಲ್ಲೇ ಕರಗಿ, ಬೋಲ್ಟಿಗೆ ತಾಗುವುದು ಚೂರೇ ಚೂರು. ತೂತನ್ನು ಗ್ಯಾಸ್ ಕಟ್ಟರಿನಲ್ಲಿ ಸುಡಬೇಡಿ, ಡ್ರಿಲ್ ಮಾಡಿ. ತಗಡುಗಳು ಸೇರುವ ಮುಖಕ್ಕೆ ಪೇಂಟ್ ಬಳಿಯಬೇಡಿ, ನಡುವೆ ಪೇಂಟ್ ಕೂತರೆ ಅದು ಕ್ರಮೇಣ ಚಪ್ಪಟೆಯಾಗಿ ಬಿಗಿ ಸಡಿಲಾಗುತ್ತದೆ. ಹೊರಗಡೆ ನಿಮ್ಮ ಸಿಲ್ವರ್ ಎಷ್ಟು ಬೇಕಾದರೂ ಬಳಿಯಿರಿ, ಆಕ್ಷೇಪಣೆಯಿಲ್ಲ. ಹೆಸರು ಬರೆಯಲೇಬೇಕೆನಿಸಿದರೆ ಬ್ರಷ್ಷಿನಲ್ಲಿ ಬರೆಯಿರಿ.

ನಾನು ಬೋಲ್ಟಿಗೆ ಮಾರುಹೋಗಿದ್ದೇನೆ ಎಂದುಕೊಳ್ಳಬೇಡಿ. ಸಡಿಲ ಬಿಟ್ಟರೆ ಅದು ವೆಲ್ಡಿಂಗಿಗಿಂತ ಬೇಗ ಕೈಕೊಡುತ್ತದೆ. ಹೊಸ ಜೋಡಣೆ ಸ್ವಲ್ಪ ದಿನ ಓಡಿದ ಮೇಲೆ ಕೂತು ಇಳಿಯುತ್ತದೆ, ಆಗ ಮತ್ತೊಮ್ಮೆ ಬಿಗಿಯಬೇಕು. ಆಮೇಲೂ ಆಗಾಗ ನೋಡುತ್ತಿರಬೇಕು. ವೆಲ್ಡಿಂಗ್ ಹೊಡೆದವರು ಹೊಡೆದು ಮರೆಯಬಹುದು. ಬೋಲ್ಟ್ ಹಾಕಿದವರಿಗೆ ಆ ಸೌಕರ್ಯ ಇಲ್ಲ.

ಇನ್ನೊಂದು ತೊಂದರೆ. ಒಂದು ಕಡೆ ಸ್ಪ್ಯಾನರ್ ಹಾಕಿ ನಟ್ಟು ತಿರುಗಿಸಿದರೆ ಆಚೆ ಕಡೆ ಬೋಲ್ಟಿನ ತಲೆಯೂ ಜೊತೆಗೆ ತಿರುಗುತ್ತದೆ, ಅದನ್ನು ಇನ್ನೊಬ್ಬರು ಅಲುಗದಂತೆ ಹಿಡಿಯಬೇಕು. ಮಣೆಯ ಮೇಲೆ ಕೂತು ಒಂದು ಕಡೆಯದನ್ನು ನಾನು ಮ್ಯಾನೇಜ್ ಮಾಡುತ್ತೇನೆ, ಎರಡೂ ಕಡೆ ಕೈ ಚಾಚಲು ಈ ಕಾಲು ಬಿಡುವುದಿಲ್ಲ. ಅನುಸೂಯಮ್ಮನವರನ್ನು ಕೇಳಿದೆ. “ಆ ಕಬ್ಬಿಣದ ಸವಾಸ ನಂಗ್ಯಾಕವ್ವ, ಗಂಡ ಅಂತ ಇದಾರಲ್ಲ, ಬರೀ ಹಿಡ್ಕಳಕ್ಕೂ ಆಗಲ್ವಂತಾ?” ಎಂದರು.

ಆದ್ದರಿಂದ ಭಾನುವಾರ ಬನ್ನಿ. ಪಿಕಪ್ಪಿನಲ್ಲಲ್ಲ, ಬೆಳಗಿನ ಬಸ್ಸಿನಲ್ಲಿ. ತಗಡುಗಳು ಚೀಲದಲ್ಲಿರಲಿ, ಸ್ಪ್ಯಾನರ್ ಜೋಡಿ ಇರಲಿ, ವೆಲ್ಡಿಂಗ್ ಮಷೀನ್ ಅಲ್ಲೇ ಇರಲಿ. ನಾನು ಅರಸೀಕೆರೆಗೆ ಬರುವುದಿಲ್ಲ. ಸೋಮವಾರ ಬೆಳಗ್ಗೆ ನನಗೆ ಮೊದಲ ಪೀರಿಯಡ್ ಇದೆ, ಗಾಡಿಯಲ್ಲೇ ಹೋಗುತ್ತೇನೆ. ನೀವು ತಲೆ ಹಿಡಿದುಕೊಳ್ಳಿ, ಬೋಲ್ಟಿನದು. ತಿರುಗಿಸುವವಳು ನಾನು. ನಡುವೆ “ನೀನ್ ಬಿಡು” ಎಂದರೆ ವಾಪಸ್ಸು ಬಸ್ಸು ಮಧ್ಯಾಹ್ನವೂ ಇದೆ. ಅನ್ನದಿದ್ದರೆ ಊಟಕ್ಕೆ ಕಾಯಿ ಹಾಕಿ ಸಾರು ಮಾಡುತ್ತೇನೆ, ಎರಡೂ ಹೋಳು ತುರಿದು.

ಅತ್ತೆಗೆ ನಮಸ್ಕಾರ ತಿಳಿಸಿ.

ನಾಲ್ಕು ಚಕ್ರದಿಂದ ಎರಡಕ್ಕಿಳಿದರೂ ಸ್ವಂತ ಕಾಲ ಮೇಲೆ ನಿಂತಿರುವ,
ಪ್ರತಿಮಾ

ವಿ.ಸೂ.: ಬೋಲ್ಟಿನ ತಲೆಗೆ ತಾಗುವಂತೆ ತಗಡಿನ ಅಂಚನ್ನು ಒಂದಿಷ್ಟು ಮಡಿಸಿದರೆ ಸಾಕು, ತಲೆ ತಿರುಗುವುದಿಲ್ಲ. ಆಗ ಹಿಡಿಯಲು ಯಾರೂ ಬೇಡ, ಒಬ್ಬಳೇ ಕೂತು ಎಲ್ಲವನ್ನೂ ಬಿಗಿಯಬಹುದು. ಪ್ರತಿ ವರ್ಷ ಇದನ್ನು ನಾನೇ ಪಾಠ ಮಾಡುತ್ತೇನೆ. ನಕ್ಷೆಯಲ್ಲೂ ಮೊದಲು ಆ ಮಡಿಕೆ ಬರೆದಿದ್ದೆ, ಆಮೇಲೆ ರಬ್ಬರಿನಲ್ಲಿ ಅಳಿಸಿದೆ. ಬೆಳಕಿಗೆ ಹಿಡಿದರೆ ಗುರುತು ಕಾಣುತ್ತದೆ, ನೀವು ಕಸುಬುದಾರರು, ಕಂಡೇ ಕಾಣುತ್ತೀರಿ. ಕಂಡರೂ ಮಡಿಸಬೇಡಿ.